ಕರೆಯಲು ಬಂದವರು

2005ರ ನವೆಂಬರ್ 19, ಶನಿವಾರ, ಬೆಳಿಗ್ಗೆ ಹತ್ತು ಇಪ್ಪತ್ತು. ಮೊಳಕಾಲ್ಮೂರಿನ ಅತ್ತೆಮನೆಯ ಮುಂದೆ ಆಟೋದಿಂದ ಇಳಿದ ಮಲ್ಲಿಕ್‌ನ ಮುಖಕ್ಕಿಂತ ಮೊದಲು ಅತ್ತೆ ವೀರಮ್ಮ ನೋಡಿದ್ದು ಅವನ ಕೈಗಳನ್ನು. ಒಂದರಲ್ಲಿ ನೀಲಿ ಫೈಲು, ಇನ್ನೊಂದರಲ್ಲಿ ಮಗಳಿಗೆಂದು ತಂದ ಚಾಕಲೇಟಿನ ಡಬ್ಬಿ. ಹೂವಿಲ್ಲ, ಕಾಯಿಲ್ಲ, ಸೀರೆಯಿಲ್ಲ.

ಚಾಪೆ ಹಾಸಿದಳು, ಕಾಫಿ ಕೊಟ್ಟಳು, ಪ್ರಯಾಣ ಹೇಗಾಯಿತೆಂದು ವಿಚಾರಿಸಿದಳು. ಆಮೇಲೆ ಕೇಳಿದಳು: "ಕರೆಯಾಕೆ ಬಂದೀರೋ ಅಳಿಯಂದ್ರೇ, ಸಹಿ ಹಾಕಿಸ್ಕಣಾಕೆ ಬಂದೀರೋ?"

ಮಲ್ಲಿಕ್ ಫೈಲನ್ನು ತೊಡೆಯ ಮೇಲೆ ಇಟ್ಟುಕೊಂಡ. ಕೆನಡಾದಲ್ಲಿ ಕಾಯಂ ನಿವಾಸದ ಹಕ್ಕು ಪಡೆದವರು ಐದು ವರ್ಷಗಳಲ್ಲಿ ಎರಡು ವರ್ಷವಾದರೂ ಅಲ್ಲಿರಬೇಕು. ಅವನ ಹೆಂಡತಿ ದಾಕ್ಷಾಯಿಣಿ ಹದಿನಾರು ತಿಂಗಳಿದ್ದು, ಹೆರಿಗೆಗೆಂದು ತವರಿಗೆ ಬಂದವಳು ಮತ್ತೆ ಹೋಗಿರಲಿಲ್ಲ. ಹೋದ ಜೂನ್‌ನಲ್ಲಿ ಆ ಹಕ್ಕು ರದ್ದಾಗಿತ್ತು. ಮಲ್ಲಿಕ್ ಅಲ್ಲಿ ಎಣ್ಣೆಬೀಜ ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕಿದ್ದ. ಅಷ್ಟರಲ್ಲಿ ಅಲ್ಲಿಯ ಪ್ರಜೆಯೂ ಆಗಿದ್ದ. ಹೆಂಡತಿಯನ್ನೂ ಮಗಳನ್ನೂ ತನ್ನ ಹೊಣೆಯ ಮೇಲೆ ಹೊಸದಾಗಿ ಕರೆಸಿಕೊಳ್ಳುವ ಅರ್ಜಿ ಹಿಡಿದು ಈಗ ಬಂದಿದ್ದ. ದಾಕ್ಷಾಯಿಣಿಯ ಸಹಿ ಇಲ್ಲದೆ ಅರ್ಜಿ ಹೊರಡುವಂತಿಲ್ಲ. ಮಂಗಳವಾರ ಅವನ ವಿಮಾನ.

ದಾಕ್ಷಾಯಿಣಿ ಒಳಗಿನಿಂದ ಬಂದು ಕಂಬಕ್ಕೆ ಒರಗಿ ಕೂತಳು. ಮಗಳು ಬಾಲವಾಡಿಗೆ ಹೋಗಿದ್ದಾಳೆ ಎಂದಷ್ಟೇ ಹೇಳಿ, ಹಾಳೆಗಳನ್ನು ಒಂದೊಂದಾಗಿ ಓದತೊಡಗಿದಳು. ದೇಶದ ಹೊರಗೆ ಉಳಿದದ್ದಕ್ಕೆ ಕಾರಣವೇನು ಎಂಬಲ್ಲಿಗೆ ಬಂದು ನಿಂತಳು. ಅಲ್ಲಿ ಮಲ್ಲಿಕ್ ಮೊದಲೇ ಟೈಪ್ ಮಾಡಿ ತಂದಿದ್ದ: ಅನಾರೋಗ್ಯ.

"ಯಾರಿಗೆ?"

"ಯಾರಿಗಾದ್ರೂ ಇರ್ಲಿ. ಅವರು ಒಪ್ಪೋ ಅಂಥದ್ದು ಬೇಕಲ್ಲ."

"ನನಗೆ ನೆಗಡಿನೂ ಬಂದಿಲ್ಲ. ಇದ್ದದ್ದು ಬರೀರಿ. ಕರೆಯಾಕೆ ಯಾರೂ ಬರ್ಲಿಲ್ಲ ಅಂತ."

ಅದು ನಿಜ. ಬಾಣಂತನ ಮುಗಿಸಿದವಳನ್ನು ಗಂಡನ ಮನೆಯ ಹಿರಿಯರು ಬಂದು ಕರೆದೊಯ್ಯಬೇಕು. ತಾನಾಗಿ ಗಂಟು ಕಟ್ಟಿಕೊಂಡು ಹೊರಟರೆ ತವರಿಗೆ ಅವಮಾನ. ಆದರೆ ತೊಟ್ಟಿಲ ಶಾಸ್ತ್ರಕ್ಕೆ ವೀರಮ್ಮ ಚಳ್ಳಕೆರೆಯ ಬೀಗರಿಗೆ ಫೋನಿನಲ್ಲಿ ಹೇಳಿದ್ದಳು. ಆಗ ವೀರಮ್ಮನ ಗಂಡ ತೀರಿಕೊಂಡು ಮೂರೇ ತಿಂಗಳಾಗಿತ್ತು, ಕುಂಕುಮ ಹಚ್ಚಿ ಕರೆದು ಬರಲು ಮನೆಯಲ್ಲಿ ಯಾರೂ ಇರಲಿಲ್ಲ. ಮಲ್ಲಿಕ್‌ನ ತಂದೆ, ಶೇಂಗಾ ಮಂಡಿಯ ಶಿವಮೂರ್ತಪ್ಪ, ಫೋನಿನಲ್ಲಿ ಕರೆದವರ ಹೊಸಿಲು ತುಳಿಯುವುದಿಲ್ಲ ಎಂದು ಕೂತ. ಅವರೇ ಕಳಿಸಿಕೊಡಲಿ ಎಂದು ಅವನು, ಅವರೇ ಕರೆಯಲು ಬರಲಿ ಎಂದು ವೀರಮ್ಮ. ನಡುವೆ ಒಮ್ಮೆ ಬಂದ ಮಲ್ಲಿಕ್ ಎರಡು ದಿನ ಮಗುವನ್ನು ಎತ್ತಿ ಆಡಿಸಿ, ಕರೆಯುವುದು ಹಿರಿಯರ ಕೆಲಸವೆಂದುಕೊಂಡು ಹಿಂದಿರುಗಿದ್ದ.

"ಇದನ್ನ ಇಂಗ್ಲಿಷಲ್ಲಿ ಹೆಂಗೆ ಬರೀಲಿ ದಾಕ್ಷಾಯಿಣಿ? ಕರೀಲಿಲ್ಲ ಅಂದ್ರೆ ಫೋನ್ ಮಾಡ್ಲಿಲ್ಲ ಅಂತ ತಿಳ್ಕಂತಾರೆ. ನಾನು ಪ್ರತಿ ಭಾನುವಾರ ಮಾಡಿದೀನಿ."

"ಫೋನ್ ಮಾಡಿದ್ರಿ," ಎಂದಳು ದಾಕ್ಷಾಯಿಣಿ. "ಕರೀಲಿಲ್ಲ."

ಮಲ್ಲಿಕ್ ನೆನಪು ಮಾಡಿಕೊಂಡು ನೋಡಿದ. ಊಟ, ಹವೆ, ಮಗುವಿನ ಹಲ್ಲು, ಕರೆಂಟು ಎಲ್ಲ ಕೇಳಿದ್ದ. ಬಾ ಎಂದದ್ದು ನೆನಪಾಗಲಿಲ್ಲ. ಎದ್ದು ಚಪ್ಪಲಿ ಮೆಟ್ಟಿ, ಬೀದಿಯ ಕೊನೆಯ ಎಸ್‌ಟಿಡಿ ಬೂತಿಗೆ ಹೋಗಿ ಚಳ್ಳಕೆರೆಗೆ ಫೋನ್ ಹಚ್ಚಿದ.

"ಅಪ್ಪಾ, ದಾಕ್ಷಾಯಿಣಿನ ಕರೆಯಾಕೆ ಬಂದೀನಿ. ಹಿರಿಯರು ಒಬ್ರು ಬೇಕು. ನೀವು ಬರ್ರಿ."

ಆ ಕಡೆಯಿಂದ ಶಿವಮೂರ್ತಪ್ಪನ ದನಿ ಬಂತು: "ಅವತ್ತು ಅವರು ಫೋನಲ್ಲಿ ಕರೆದ್ರು. ಇವತ್ತು ನೀನೂ ಫೋನಲ್ಲೇ ಕರೀತೀಯೇನಲೇ?" ಫೋನ್ ಇಟ್ಟ ಸದ್ದಾಯಿತು.

ಮನೆಗೆ ಮರಳಿ ಮಲ್ಲಿಕ್ ಅಪ್ಪ ಅಂದದ್ದನ್ನು ಅಂದಂತೆಯೇ ಹೇಳಿದ. ವೀರಮ್ಮ ಅಡಿಗೆಮನೆಗೆ ಹೋದಳು. ಪಕ್ಕದ ಮನೆಯ ಮಗ್ಗ ಸದ್ದು ಮಾಡುತ್ತಲೇ ಇತ್ತು. ಒಳಗೆ ಅಡಿಗೆ ಆಗುತ್ತಿದ್ದಷ್ಟು ಹೊತ್ತೂ ಮಲ್ಲಿಕ್ ಹಾಳೆ ನೋಡುತ್ತ ಕೂತ. ಕೊನೆಗೆ ಪೆನ್ನು ತೆಗೆದು ಅನಾರೋಗ್ಯ ಎಂಬುದನ್ನು ಹೊಡೆದುಹಾಕಿ, ಮೇಲಿನ ಖಾಲಿ ಜಾಗದಲ್ಲಿ ಇಂಗ್ಲಿಷಿನಲ್ಲಿ ಬರೆದ: ಹೆರಿಗೆಗೆ ತವರಿಗೆ ಹೋದ ಹೆಂಡತಿಯನ್ನು ಗಂಡನ ಕಡೆಯವರು ಹೋಗಿ ಕರೆತರುವುದು ನಮ್ಮ ರೂಢಿ. ನಾನು ಹೋಗಲಿಲ್ಲ.

ದಾಕ್ಷಾಯಿಣಿ ಎರಡು ಸಲ ಓದಿದಳು. "ಇದಕ್ಕೆ ವೀಸಾ ಕೊಡ್ತಾರಾ?"

"ಗೊತ್ತಿಲ್ಲ. ಅವರು ಹೇಳೋದು ಆಮೇಲೆ. ನೀನು ಬರ್ತೀಯಾ?"

ಅವಳು ಅವನ ಕೈಯಿಂದ ಪೆನ್ನು ತೆಗೆದುಕೊಂಡಳು. ಸಹಿ ಹಾಕಬೇಕಾದ ಕಡೆಯೆಲ್ಲ ಅವನು ಬೆರಳಿಟ್ಟು ತೋರಿಸುತ್ತ ಹೋದ, ಅವಳು ಪೂರ್ತಿ ಹೆಸರು ಬರೆಯುತ್ತ ಹೋದಳು.

ಕೊನೆಯ ಹಾಳೆ ಇನ್ನೂ ಉಳಿದಿರುವಾಗ ಬೀದಿಯಲ್ಲಿ ಹಳೆಯ ಸ್ಕೂಟರೊಂದು ಕೆಮ್ಮಿ ನಿಂತಿತು. ಶಿವಮೂರ್ತಪ್ಪ. ಪಂಚೆಯ ತುಂಬ ಧೂಳು, ಕಾಲ ಬಳಿ ಬಟ್ಟೆಯ ಚೀಲ. ಅದರೊಳಗಿಂದ ಕಾಯಿಯ ಜುಟ್ಟೂ ಸೀರೆಯ ಅಂಚೂ ಕಾಣುತ್ತಿದ್ದವು. ವೀರಮ್ಮ ಕೈ ಒರೆಸಿಕೊಳ್ಳುತ್ತ ಬಂದಳು, ಬಂದವನನ್ನು ಕಂಡು ತಿರುಗಿ ಒಳಗೆ ಹೋದಳು, ಚೆಂಬಿನಲ್ಲಿ ಕಾಲಿಗೆ ನೀರು ತಂದಳು.

ಶಿವಮೂರ್ತಪ್ಪ ಚೆಂಬು ಇಸಿದುಕೊಂಡ. ಕಾಲು ತೊಳೆದು ಸ್ಕೂಟರಿನ ಕಡೆ ತಿರುಗಿ ನೋಡಿದ.

"ಮೀಟರ್ ನೋಡ್ಕಂಡು ಬಂದೆ ಬೀಗ್ರೇ," ಎಂದ. "ನಮ್ಮನೆಯಿಂದ ನಿಮ್ಮನೆಗೆ ಐವತ್ನಾಲ್ಕೇ ಕಿಲೋಮೀಟರು."