ದ್ವಾದಶಿಯ ತುಳಸಿ

ನಿಜವಾದ ಗಿಡ ಸಾಕಿದವರ ಬೆರಳು ಮುರಿಯಬೇಕೆಂದು ಕಾನೂನಿತ್ತು. ತಪಾಸಣೆಯವರು ರುಕ್ಕಮ್ಮನ ಹಜಾರದ ಕುಂಡಗಳನ್ನೆಲ್ಲ ಸಲಾಕೆಯಿಂದ ಒಡೆದು ನೋಡಿದರು. ಗುಲಾಬಿ, ಸೇವಂತಿಗೆ, ಬಾಗಿಲ ತೋರಣ, ಎಲ್ಲವೂ ಪ್ಲಾಸ್ಟಿಕ್ಕೇ. ಕೊನೆಗೆ ದೇವರ ಮುಂದಿನ ತುಳಸಿಯೊಂದು ಉಳಿಯಿತು.

ಅಧಿಕಾರಿ ದಣಿದಿದ್ದ. "ಸಾಕು ಬಿಡಿ ಅಜ್ಜಿ. ಅದರದೊಂದು ಎಲೆ ಕಿತ್ತುಕೊಡಿ, ನನ್ನ ಮಗಳ ಆಟಕ್ಕೆ."

"ಇವತ್ತು ದ್ವಾದಶಿ, ತುಳಸಿ ಕೀಳಬಾರದು ಕಣಪ್ಪ," ಎಂದುಬಿಟ್ಟಳು ರುಕ್ಕಮ್ಮ.

ಪ್ಲಾಸ್ಟಿಕ್ಕಿಗೆ ಎಲ್ಲಿಯ ದ್ವಾದಶಿ? ಅವನು ಸಲಾಕೆ ಎತ್ತಿದ. ಅವಳು ಎರಡೂ ಕೈಯಿಂದ ಗಿಡವನ್ನು ತಬ್ಬಿಕೊಂಡಳು. ನಾಲ್ಕನೆಯ ಏಟಿಗೆ ಬೆರಳುಗಳ ಜೊತೆ ಎಲೆಗಳೂ ಜಜ್ಜಿಹೋದವು. ಹಜಾರದ ತುಂಬ ಘಮ ಎದ್ದಿತು.

ಐದನೆಯ ಏಟಿಗೆ ಎತ್ತಿದ ಸಲಾಕೆ ಮೇಲೆಯೇ ನಿಂತಿತು. "ಇದೇನಜ್ಜಿ, ಈ ವಾಸನೆ?"

"ಮೂಸಪ್ಪ," ಎಂದಳು ಅವಳು ಹಲ್ಲು ಕಚ್ಚಿ. "ಮೂಸೋದಕ್ಕೆ ದ್ವಾದಶಿ ಅಡ್ಡಿಯಿಲ್ಲ."