ಕೆಂಪು ಹೇಂಟೆ

ಪ್ರಾಣಿಯನ್ನು ಕೊಯ್ದವರಿಗೆ ಅದರ ಕೊನೆಯ ಗಳಿಗೆಯ ಮನಸ್ಸು ತಿಳಿಯತೊಡಗಿದ ವರ್ಷವೇ ಮಾಂಸದಂಗಡಿಗಳೆಲ್ಲ ಮುಚ್ಚಿದವು. ಬಾಣಂತಿ ಮಗಳು ಸುಶೀಲಳಿಗೆ ಎದ್ದು ಕೂರಲೂ ತ್ರಾಣವಿರಲಿಲ್ಲ. ಅವಳಿಗೆ ಸಾರು ಮಾಡಲೆಂದು ಹನುಮಕ್ಕ ತಾನೇ ಸಾಕಿದ ಕೆಂಪು ಹೇಂಟೆಯನ್ನು ಎತ್ತಿಕೊಂಡು ಹಿತ್ತಲಿಗೆ ಬಂದಳು. ಆ ಮನೆಯಲ್ಲಿ ಅದುವರೆಗೆ ಯಾರೂ ಕೋಳಿ ಕೊಯ್ದಿರಲಿಲ್ಲ.

"ನಾನು ಕುಯ್ತೀನಿ, ಕೊಡು," ಎಂದ ಗಂಡ ಗೋವಿಂದಪ್ಪ.

"ನೀವು ಬ್ಯಾಡಿ. ಕುರಿ ಕುಯ್ದ ನಿಮ್ಮಣ್ಣ ಇವತ್ತಿಗೂ ಮಾತಾಡ್ತಿಲ್ಲ."

ಅವನು ಕೋಳಿಯ ಕಾಲು ಹಿಡಿದುಕೊಂಡ. ಅವಳು ಕತ್ತು ಕೊಯ್ದು, ಚಾಕು ಕೆಳಗಿಟ್ಟಳು.

"ಭಾಳ ಹೆದರಿತ್ತಾ?"

"ಇಲ್ಲ ಕಣ್ರೀ. ನಾನು ಎತ್ಕೊಂಡಿದ್ದಕ್ಕೆ ಖುಷಿಯಾಗಿತ್ತು. ಕಾಳು ಹಾಕ್ತೀನಿ ಅಂದ್ಕೊಂಡಿತ್ತು."

ಸಂಜೆ ಸುಶೀಲ ಎರಡು ಬಟ್ಟಲು ಸಾರು ಕುಡಿದು, ಹೆರಿಗೆಯಾದ ಮೇಲೆ ಮೊದಲ ಸಲ ಗೋಡೆಗೊರಗಿ ಕೂತಳು.

"ನಾಳೆನೂ ಮಾಡವ್ವ," ಎಂದಳು.

"ಮಾಡ್ತೀನಿ ಮಗಾ," ಎಂದಳು ಹನುಮಕ್ಕ, ಮುಖ ತಿರುಗಿಸಿಕೊಂಡು.