ತೊಂಬತ್ತನಾಲ್ಕು ಸೆಂಟಿಮೀಟರ್ ಎತ್ತರದ ಗಿಳಿಗಳು

2024ರ ಅಕ್ಟೋಬರ್ 6, ಭಾನುವಾರ. ಬೆಳಿಗ್ಗೆ 10 ಗಂಟೆ 20 ನಿಮಿಷ.

ಚಿತ್ರದುರ್ಗದ ಒಂದು ಬಾಡಿಗೆ ಮನೆಯ ಮುಂದೆ ಆಟೋ ನಿಂತಿತು... ತಾಯಿಯ ಕೈ ಹಿಡಿದು ಒಬ್ಬ ಹುಡುಗಿ ಇಳಿದಳು.

ಅವಳಿಗಾಗಿ ಅವಳಪ್ಪ ಹದಿನೈದು ದಿನದಿಂದ ಒಂದು ಕೋಣೆಯನ್ನು ಸಿಂಗರಿಸುತ್ತಿದ್ದ.

ಆ ಅಪ್ಪ ನನ್ನ ಸಹೋದ್ಯೋಗಿ, ತಿಪ್ಪೇಸ್ವಾಮಿ. ಕುಡಿಯುವ ನೀರನ್ನು ಪರೀಕ್ಷಿಸುವ ಲ್ಯಾಬ್‌ನಲ್ಲಿ ನಮ್ಮಿಬ್ಬರ ಕೆಲಸ. ಒಂದು ಹನಿ ಹೆಚ್ಚಾಗಿ ಬಿದ್ದರೂ ಚೆಲ್ಲಿ, ಮೊದಲಿನಿಂದ ಶುರು ಮಾಡುವ ಮನುಷ್ಯ ಅವನು.

ಸುಮಾರು ಮೂರು ವರ್ಷದ ಹಿಂದೆ ಹೊಸಪೇಟೆಯಲ್ಲಿ ಅವನ ಮಾವನ ಮನೆಯ ಗೃಹಪ್ರವೇಶವಿತ್ತು. ಕಾರ್ಡಿನಲ್ಲಿ 'ಸುಖಾಗಮನ ಬಯಸುವವರು' ಎಂಬ ಪಟ್ಟಿಯಲ್ಲಿ ಎಲ್ಲರ ಹೆಸರಿತ್ತು... ಅಳಿಯನ ಹೆಸರು ಮಾತ್ರ ಬಿಟ್ಟುಹೋಗಿತ್ತು.

"ಪ್ರೆಸ್‌ನವರು ತಪ್ಪು ಮಾಡಿದಾರೆ" ಎಂದು ಮಾವ ಫೋನ್ ಮಾಡಿ ಹೇಳಿದರು. ಇವನು ಕೇಳಲಿಲ್ಲ.

"ನನ್ನ ಹೆಸರೇ ಇಲ್ಲದ ಮನೆಗೆ ನಾನ್ಯಾಕೆ ಕಾಲಿಡ್ಲಿ?"

ಹೆಂಡತಿ ಶೈಲಜಾ ಮಗಳನ್ನು ಕರೆದುಕೊಂಡು ಒಬ್ಬಳೇ ಹೋದಳು. ಮಾತಿಗೆ ಮಾತು ಬೆಳೆಯಿತು... ಅವಳು ಅಲ್ಲೇ ಉಳಿದಳು.

ಹೋಗಿ ಮಗಳನ್ನು ನೋಡಬೇಡ ಎಂದು ಅವನನ್ನು ಯಾರೂ ತಡೆದಿರಲಿಲ್ಲ. ಮೂರು ಗಂಟೆಯ ಬಸ್ ದಾರಿ, ಅಷ್ಟೇ. ಆದರೆ ಅವನು ಒಂದು ಸಲವೂ ಹೋಗಲಿಲ್ಲ. ಪ್ರತಿ ಭಾನುವಾರ ವಿಡಿಯೋ ಕಾಲ್ ಮಾತ್ರ ತಪ್ಪಿಸುತ್ತಿರಲಿಲ್ಲ.

ಈ ದಸರಾ ರಜೆಗೆ ಮಗಳು ಪ್ರಣತಿ ಬರುತ್ತಾಳೆ ಎಂದಾಗ ಅವನು ಅಟ್ಟದಿಂದ ಒಂದು ಗಂಟು ಇಳಿಸಿದ. ಒಳಗೆ ವರ್ಷಗಟ್ಟಲೆ ಕೂಡಿಟ್ಟ ಲಗ್ನಪತ್ರಿಕೆಗಳು... ದೇವರ ಚಿತ್ರ ಇರುತ್ತದಲ್ಲ, ನಾವು ಯಾರೂ ಎಸೆಯುವುದಿಲ್ಲ.

ಗಣಪತಿಯ ಚಿತ್ರಗಳನ್ನು ಕತ್ತರಿಸಿ ಬೇರೆ ಎತ್ತಿಟ್ಟ. ಉಳಿದ ದಪ್ಪ ಕಾಗದದಲ್ಲಿ ಗಿಳಿ, ಮೀನು, ಮೋಡ... ಒಡೆದ ಬಳೆ ಚೂರುಗಳಲ್ಲಿ ಗಿಳಿಗೆ ಕೊರಳಪಟ್ಟಿ. ಮನೆಯಲ್ಲೇ ಕಾಯಿಸಿದ ಮೈದಾ ಅಂಟು. ಒಂದು ಭಾನುವಾರ ನಾನೂ ಕತ್ತರಿ ಹಿಡಿದು ಕೂತಿದ್ದೆ.

"ಅಂಟಿಗೆ ಚಿಟಿಕೆ ಮೈಲುತುತ್ತ ಹಾಕೋ ಮಾರಾಯಾ, ಹುಳ ಬರಲ್ಲ" ಎಂದೆ.

"ಬೇಡ ಸರ್, ವಿಷ ಅದು. ಮಗು ಕೈ ಇಡ್ತಾಳೆ. ಲವಂಗದ ಪುಡಿ ಸಾಕು."

ಗಂಟಿನ ತಳದಲ್ಲಿ ಆ ಗೃಹಪ್ರವೇಶದ ಕಾರ್ಡೂ ಇತ್ತು. ಅವನು ಅದನ್ನೇ ಸ್ವಲ್ಪ ಹೊತ್ತು ನೋಡಿದ... ಆಮೇಲೆ ಅದರಲ್ಲೂ ಒಂದು ಹಸಿರು ಗಿಳಿ ಕತ್ತರಿಸಿದ.

ಕೋಣೆಯ ಬಾಗಿಲ ಚೌಕಟ್ಟಿನಲ್ಲಿ ಒಂದು ಪೆನ್ಸಿಲ್ ಗೆರೆ. ಪಕ್ಕದಲ್ಲಿ ಅವನದೇ ಅಕ್ಷರ: 'ನವೆಂಬರ್ 2021, 104 ಸೆಂ.ಮೀ.' ಅದರಲ್ಲಿ ಹತ್ತು ಕಳೆದು, ತೊಂಬತ್ತನಾಲ್ಕಕ್ಕೆ ಗೋಡೆಯುದ್ದಕ್ಕೂ ನೇರ ಗೆರೆ ಎಳೆದು, ಚಿತ್ರಗಳನ್ನೆಲ್ಲ ಅದರ ಮೇಲೇ ಅಂಟಿಸಿದ.

"ಏನೋ ಇಷ್ಟು ಕೆಳಗೆ? ನಾವೇನು ತೆವಳಿಕೊಂಡು ನೋಡಬೇಕಾ?"

"ನೀವು ನೋಡಬೇಡಿ ಸರ್" ಎಂದು ನಕ್ಕ. "ಇದು ಅವಳ ಕಣ್ಣಿನ ಮಟ್ಟ."

ನಾನೂ ವಿಜ್ಞಾನ ಓದಿದವನು... ನನಗೂ ಹೊಳೆಯಲಿಲ್ಲ.

ಆ ಭಾನುವಾರ ಗೇಟಿನ ಹತ್ತಿರ ಶೈಲಜಾ ಚಪ್ಪಲಿ ಬಿಡದೆ ನಿಂತಿದ್ದಳು.

"ಒಳಗೆ ಬಾ" ಎಂದ ಅವನು.

"ಬೇಡ, ಆಟೋ ಕಾಯ್ತಿದೆ. ಅವಳಿಗೆ ಇಷ್ಟ ಆದ್ರೆ ರಜೆ ಪೂರ್ತಿ ಇರ್ಲಿ. ಇಲ್ಲಾಂದ್ರೆ ಬಲವಂತ ಮಾಡಬೇಡಿ."

ಅವನು ಮಗಳನ್ನು ಕೋಣೆಗೆ ಕರೆದೊಯ್ದ. ನಾನು ಹಜಾರದಲ್ಲಿದ್ದೆ, ಬಾಗಿಲು ತೆರೆದೇ ಇತ್ತು.

ಪ್ರಣತಿ ನೇರವಾಗಿ ಎದುರಿನ ಗೋಡೆ ನೋಡಿದಳು. ಅವಳ ಕಣ್ಣಿನ ಮುಂದೆ ಇದ್ದದ್ದು ಬರೀ ಸುಣ್ಣ. ಆಮೇಲೆ ತಲೆ ಬಗ್ಗಿಸಿದಳು... ಮೊಣಕಾಲೂರಿ ಕೂತಳು.

"ಚೆನ್ನಾಗಿದೆ ಅಪ್ಪಾ... ಇಲ್ಲಿ ಯಾರದ್ದಾದ್ರೂ ಪಾಪು ಇದೆಯಾ?"

"ಇಲ್ಲ ಪುಟ್ಟಾ. ಇದೆಲ್ಲ ನಿನಗೇ ಮಾಡಿದ್ದು."

"ನನಗಾ?" ಅವಳಿಗೆ ನಗು ಬಂತು. "ನಾನು ಕ್ಲಾಸಲ್ಲಿ ಎಲ್ಲರಿಗಿಂತ ಉದ್ದ, ನಿಮಗೆ ಗೊತ್ತಿಲ್ವಾ? ಮಿಸ್ ನನ್ನ ಲಾಸ್ಟ್ ಬೆಂಚಲ್ಲಿ ಕೂರಿಸ್ತಾರೆ."

ಅವನಿಗೆ ಗೊತ್ತಿರಲಿಲ್ಲ. ಫೋನಿನ ಪರದೆಯಲ್ಲಿ ಮುಖ ಕಾಣುತ್ತದೆ... ಎತ್ತರ ಕಾಣುವುದಿಲ್ಲ.

ಬೀದಿಯಲ್ಲಿ ಆಟೋದವನು ಹಾರ್ನ್ ಹೊಡೆದ. ಹುಡುಗಿ ಎದ್ದು ಲಂಗ ಕೊಡವಿಕೊಂಡಳು. ಬೇರೆಯವರ ಮನೆಯಲ್ಲಿ ಮಾತಾಡುವಂತೆ ತಗ್ಗಿದ ದನಿಯಲ್ಲಿ ಕೇಳಿದಳು:

"ಅಪ್ಪಾ, ನಾನು ಅಮ್ಮನ ಜೊತೆ ಹೋಗ್ಲಾ? ಬೇಜಾರು ಮಾಡ್ಕೋಬೇಡಿ... ಆ ಹಸಿರು ಗಿಳಿ ತಗೊಂಡು ಹೋಗ್ತೀನಿ."

"ತಗೋ" ಎಂದ. ತಾನೇ ಬಿಡಿಸಲು ಹೋದ. ಅಂಟು ಗಟ್ಟಿಯಾಗಿತ್ತು... ಗಿಳಿ ನಡುವೆ ಹರಿದು ಅರ್ಧ ಗೋಡೆಯಲ್ಲೇ ಉಳಿಯಿತು.

"ಪರವಾಗಿಲ್ಲ ಬಿಡಿ ಅಪ್ಪಾ" ಎಂದಳು ಏಳು ವರ್ಷದ ಆ ಮಗು.

ಹೊರಡುವ ಮೊದಲು ಅವನು ಒಂದೇ ಒಂದು ಕೇಳಿಕೊಂಡ. "ಒಂದು ನಿಮಿಷ ಈ ಚೌಕಟ್ಟಿಗೆ ಒರಗಿ ನಿಲ್ತೀಯಾ?"

ಅವಳು ನಿಂತಳು. ನೆತ್ತಿಯ ಮೇಲೆ ಸ್ಕೇಲ್ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದ. ಗೆರೆ ಸೊಟ್ಟಗಾಯಿತು... ಲ್ಯಾಬ್‌ನಲ್ಲಿ ಒಂದು ಹನಿ ತಪ್ಪಿದರೂ ಮೊದಲಿನಿಂದ ಶುರು ಮಾಡುವವನು ಅಂದು ಅಳಿಸಿ ಮತ್ತೆ ಎಳೆಯಲಿಲ್ಲ.

ಆಟೋ ತಿರುವು ದಾಟಿದ ಮೇಲೂ ಅವನು ಗೇಟಿನಲ್ಲೇ ನಿಂತಿದ್ದ.

"ಸರ್, ಅವರ ಕಾರ್ಡಲ್ಲಿ ನನ್ನ ಹೆಸರಿರಲಿಲ್ಲ ಅಂತ ನಾನು ಹೋಗಲಿಲ್ಲ... ಈಗ ಅವಳ ಬಾಲ್ಯದಲ್ಲೇ ನನ್ನ ಹೆಸರಿಲ್ಲ."

ಸಮಾಧಾನ ಹೇಳಿದ್ದರೆ ಅದು ಸುಳ್ಳಾಗುತ್ತಿತ್ತು.

ನಮ್ಮ ಹಠ ಇದ್ದಲ್ಲೇ ಇರುತ್ತದೆ... ಮಕ್ಕಳು ಬೆಳೆದುಬಿಡುತ್ತಾರೆ.

ಯಾವ ಕಾರ್ಡಿನ, ಯಾವ ಮಾತಿನ ನೆಪದಲ್ಲಿ ನೀವು ಯಾರ ಮನೆಯ ಮೆಟ್ಟಿಲು ಹತ್ತದೆ ಕೂತಿದ್ದೀರಿ?

ತಿಪ್ಪೇಸ್ವಾಮಿಯ ಬಾಗಿಲ ಚೌಕಟ್ಟಿನಲ್ಲಿ ಈಗ ಎರಡು ಗೆರೆಗಳಿವೆ. ನಡುವಿನ ಅಂತರ ಇಪ್ಪತ್ತೊಂದು ಸೆಂಟಿಮೀಟರ್.